ಆಂಟಿವೈರಸ್ ಸಿಪಿಯು ತಿನ್ನುತ್ತಿದ್ದರೆ: ಮಿತಿ, ವಿನಾಯಿತಿ, ಬದಲಿ, ಎಲ್ಲವನ್ನೂ ಮಾಡಿ ನೋಡಿದ ಮೇಲೆ

ಕಂಪ್ಯೂಟರ್ ನಿಧಾನ ಆಗಿದೆ. ಟಾಸ್ಕ್ ಮ್ಯಾನೇಜರ್ ತೆಗೆದರೆ ಪಟ್ಟಿಯ ತುದಿಯಲ್ಲಿ 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಕೂತಿದೆ, ಅಂದರೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನೋ ಆಂಟಿವೈರಸ್. ಅಲ್ಲಿಂದ ಮುಂದೆ ಸಿಗುವ ಸಲಹೆಗಳು ಒಂದೆರಡಲ್ಲ. ಸಿಪಿಯು ಮಿತಿ ಹಾಕಿ ಅನ್ನುತ್ತಾರೆ ಒಬ್ಬರು, ಕೆಲವು ಫೋಲ್ಡರ್‌ಗಳಿಗೆ ವಿನಾಯಿತಿ ಕೊಟ್ಟು ಸ್ಕ್ಯಾನ್‌ನಿಂದ ಹೊರಗಿಡಿ ಅನ್ನುತ್ತಾರೆ ಇನ್ನೊಬ್ಬರು, ಸುಮ್ನೆ ಅದನ್ನು ಬಿಟ್ಟು ಬೇರೆ ಆಂಟಿವೈರಸ್ ಹಾಕಿಕೊಳ್ಳಿ ಅನ್ನುವವರೂ ಇದ್ದಾರೆ. ನಾನು ಇವನ್ನೆಲ್ಲ ಒಂದೇ ಲ್ಯಾಪ್‌ಟಾಪ್ ಮೇಲೆ, ಒಂದೇ ಥರದ ಕೆಲಸ ಇಟ್ಟುಕೊಂಡು ಮಾಡಿ ನೋಡಿದೆ. ನಾಲ್ಕು ಕೋರ್, ಎಸ್‌ಎಸ್‌ಡಿ, ವಿಂಡೋಸ್ 11. ಕೆಲಸ ಅಂದರೆ ಸಾವಿರಾರು ಪುಟ್ಟ ಫೈಲ್‌ಗಳಿರುವ ಒಂದು ವೆಬ್ ಪ್ರಾಜೆಕ್ಟ್, ಮೇಲ್, ಒಂದಿಷ್ಟು ಟ್ಯಾಬ್ ತೆರೆದಿಟ್ಟ ಬ್ರೌಸರ್, ಹಿಂದೆ ಸದ್ದಿಲ್ಲದೆ ಓಡುವ ಬ್ಯಾಕಪ್ ಪ್ರೋಗ್ರಾಂ. ಗೆದ್ದದ್ದು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ: ಅಳೆದು ನೋಡಿ ಕೊಟ್ಟ ಒಂದು ಸಣ್ಣ ವಿನಾಯಿತಿ. ಆಂಟಿವೈರಸ್ ಬದಲಾಯಿಸುವ ದಾರಿಗೆ ನನ್ನ ಪಟ್ಟಿಯಲ್ಲಿ ಬಹಳ ಕೆಳಗಿನ ಜಾಗ.

ಯಾಕೆ ಅಂತ ಹೇಳಬೇಕಾದರೆ ಆಂಟಿವೈರಸ್ ಮಾಡುವ ಎರಡು ಕೆಲಸಗಳನ್ನು ಬೇರೆ ಬೇರೆ ನೋಡಬೇಕು. ಒಂದು ನಿಗದಿತ ಸ್ಕ್ಯಾನ್, ಅಂದರೆ ಡಿಸ್ಕನ್ನೋ ಅದರ ಮುಖ್ಯ ಜಾಗಗಳನ್ನೋ ಆಗಾಗ ಜಾಲಾಡುವುದು. ಇನ್ನೊಂದು ರಿಯಲ್ ಟೈಮ್ ರಕ್ಷಣೆ. ನೀವೋ ನಿಮ್ಮ ಪ್ರೋಗ್ರಾಮೋ ಒಂದು ಫೈಲ್ ತೆರೆಯಲು ಹೋದ ಕೂಡಲೇ 'ತಡಿ, ಮೊದಲು ನಾನು ನೋಡ್ತೀನಿ' ಅಂತ ಅಡ್ಡ ನಿಲ್ಲುವುದು ಇದೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡೂ ಒಂದೇ ಹೆಸರಿನಲ್ಲಿ ಕಾಣುತ್ತವೆ, ತಲೆನೋವು ಶುರುವಾಗುವುದೇ ಅಲ್ಲಿ. ಕೆಲವು ಸಲಹೆಗಳು ಮೊದಲನೆಯದಕ್ಕೆ ಮಾತ್ರ ನಾಟುತ್ತವೆ, ಕೆಲವು ಎರಡನೆಯದಕ್ಕೆ ಮಾತ್ರ. ನಿಮ್ಮ ಯಂತ್ರದಲ್ಲಿ ಯಾವುದು ನಡೆಯುತ್ತಿದೆ ಅಂತ ಗೊತ್ತಿಲ್ಲದೆ ಏನು ಹಚ್ಚಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಗೊತ್ತು ಮಾಡಿಕೊಳ್ಳುವುದು ಕಷ್ಟವೇನಲ್ಲ. ವಿಂಡೋಸ್‌ನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಇವೆಂಟ್ ವ್ಯೂವರ್ ತೆಗೆದು ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್, ಆಪರೇಷನಲ್ ಅಂತ ಒಳಗೆ ಹೋಗಿ. ಅಲ್ಲಿ ಇವೆಂಟ್ ಐಡಿ 1000 ಅಂತಿದ್ದರೆ ಸ್ಕ್ಯಾನ್ ಶುರುವಾಗಿದೆ, 1001 ಇದ್ದರೆ ಮುಗಿದಿದೆ, 1002 ಇದ್ದರೆ ನಡುವೆ ನಿಂತಿದೆ. ಕಂಪ್ಯೂಟರ್ ತೆವಳಿದ ಹೊತ್ತು 1000 ಮತ್ತು 1001ರ ನಡುವೆ ಬಿದ್ದರೆ ಸ್ಕ್ಯಾನ್ ಮೇಲೆ ಅನುಮಾನ ಪಡಬಹುದು. ಆ ಹೊತ್ತಿನಲ್ಲಿ ಏನೂ ಇಲ್ಲ, ಆದರೂ ಜಿಪ್ ಬಿಚ್ಚುವಾಗ, ಪ್ರಾಜೆಕ್ಟ್ ಬಿಲ್ಡ್ ಮಾಡುವಾಗ (ಬರೆದ ಕೋಡನ್ನು ಓಡಿಸುವ ರೂಪಕ್ಕೆ ತರುವಾಗ) ಸಿಪಿಯು ಏರುತ್ತಿದೆ ಅಂದರೆ ಅದು ರಿಯಲ್ ಟೈಮ್. ನನ್ನದು ಹೆಚ್ಚಾಗಿ ಎರಡನೆಯ ಥರದ್ದು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ನೆಟ್ ಬಿಡಿಸಿ, ಐದು ನಿಮಿಷ ರಿಯಲ್ ಟೈಮ್ ಆಫ್ ಮಾಡಿ, ಅದೇ ನಿಧಾನದ ಕೆಲಸ ಮತ್ತೆ ಮಾಡಿ. ವ್ಯತ್ಯಾಸವೇ ಇಲ್ಲವಾ? ಹಾಗಾದರೆ ಆಂಟಿವೈರಸ್ಸನ್ನು ಬಿಟ್ಟು ಬೇರೆ ಕಡೆ ಹುಡುಕಿ. ಶೇಕಡಾ ಲೆಕ್ಕವನ್ನೂ ಸ್ವಲ್ಪ ಗಮನಿಸಿ ನೋಡಬೇಕು. ನಾಲ್ಕು ಥ್ರೆಡ್ ಇರುವ, ಅಂದರೆ ಒಂದೇ ಸಲಕ್ಕೆ ನಾಲ್ಕು ಕೆಲಸ ನಡೆಸಬಲ್ಲ ಪ್ರೊಸೆಸರ್‌ನಲ್ಲಿ 25% ಅಂದರೆ ಒಂದು ಥ್ರೆಡ್ ಪೂರ್ತಿ ಹೋಯಿತು ಅಂತ ಲೆಕ್ಕ. 'ಬರೀ ಇಪ್ಪತ್ತೈದು ತಾನೇ' ಅಂತ ಬಿಡುವ ಹಾಗಿಲ್ಲ.

ಮೊದಲು ನೋಡಿದ್ದು ಸಿಪಿಯು ಮಿತಿ. ಎಲ್ಲರೂ ಹೇಳುವುದು ಇದನ್ನೇ. ಕಮಾಂಡ್ ಟೈಪ್ ಮಾಡುವ ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು 'ಸ್ಕ್ಯಾನ್ ಆವರೇಜ್ ಸಿಪಿಯು ಲೋಡ್ ಫ್ಯಾಕ್ಟರ್' ಅನ್ನೋ ಸೆಟ್ಟಿಂಗ್‌ಗೆ ಒಂದು ಅಂಕಿ ಕೊಡುವುದು. ಮೊದಲಿಗೆ ಅದು 50 ಇರುತ್ತದೆ. 5ರಿಂದ 100ರವರೆಗೆ ಏನು ಬೇಕಾದರೂ ಕೊಡಬಹುದು. 0 ಕೊಟ್ಟರೆ ಮಿತಿಯೇ ಇಲ್ಲ, ಇದನ್ನು ಉಲ್ಟಾ ಅಂದುಕೊಂಡು ಸೊನ್ನೆ ಹಾಕುವವರು ಇದ್ದಾರೆ, ಜೋಕೆ. ನಾನು 20 ಕೊಟ್ಟೆ. ನಿಗದಿತ ಸ್ಕ್ಯಾನ್ ಓಡುವಾಗ ಫ್ಯಾನ್ ಸದ್ದು ಕಮ್ಮಿ ಆಯಿತು, ಅದು ನಿಜ. ಆದರೆ ಸ್ಕ್ಯಾನ್ ಮುಗಿಯುವುದು ತಡವಾಯಿತು. ಕೆಲಸ ಅಷ್ಟೇ ಇರುತ್ತದಲ್ಲ, ನಿಧಾನಕ್ಕೆ ಮಾಡಿದರೆ ಹೆಚ್ಚು ಹೊತ್ತು ಹಿಡಿಯಲೇಬೇಕು.

ಇದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕೆಲವು ವಿಷಯಗಳಿವೆ. ಈ ಅಂಕಿ ಕಟ್ಟುನಿಟ್ಟಿನ ಗಡಿ ಅಲ್ಲ, ಸರಾಸರಿ ಇಷ್ಟರೊಳಗೆ ಇರಲಿ ಅನ್ನೋ ಸೂಚನೆ ಅಷ್ಟೇ. ನೀವೇ ಬಟನ್ ಒತ್ತಿ ಶುರು ಮಾಡಿದ ಸ್ಕ್ಯಾನ್‌ಗೆ ಇದು ಸಾಮಾನ್ಯವಾಗಿ ತಾಗುವುದಿಲ್ಲ. ಕಂಪ್ಯೂಟರ್ ಸುಮ್ಮನೆ ಕೂತಿದ್ದಾಗ ಓಡುವ ಸ್ಕ್ಯಾನ್ ಕೂಡ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬೇರೆ ಸೆಟ್ಟಿಂಗ್ ಬದಲಿಸದ ಹೊರತು. ಎಲ್ಲಕ್ಕಿಂತ ಮುಖ್ಯವಾದದ್ದು, ರಿಯಲ್ ಟೈಮ್ ರಕ್ಷಣೆಗೂ ಇದಕ್ಕೂ ಸಂಬಂಧವೇ ಇಲ್ಲ. ಬಿಲ್ಡ್ ಮಾಡುವಾಗ ತೆವಳುತ್ತಿದ್ದ ನನ್ನ ಲ್ಯಾಪ್‌ಟಾಪ್ 20 ಹಾಕಿದ ಮೇಲೂ ಅಷ್ಟೇ ತೆವಳಿತು. ಹಾಗಂತ ಇದು ದಂಡ ಅನ್ನಲಾರೆ. ಹಗಲು ಹೊತ್ತಲ್ಲಿ ಸ್ಕ್ಯಾನ್ ಬಂದು ಕಾಡುವವರಿಗೆ ಇದು ಸರಿಯಾದ ಮದ್ದು. ಅವರು ಇದರ ಜೊತೆ 'ಎನೇಬಲ್ ಲೋ ಸಿಪಿಯು ಪ್ರಯಾರಿಟಿ' ಅನ್ನೋದನ್ನೂ ಆನ್ ಮಾಡಬಹುದು. ಆಗ ಸ್ಕ್ಯಾನ್ ನಿಮ್ಮ ಕೆಲಸಕ್ಕೆ ದಾರಿ ಬಿಟ್ಟು ಹಿಂದೆ ನಿಲ್ಲುತ್ತದೆ. ನನಗೆ ಅಂಕಿ ಇಳಿಸಿದ್ದಕ್ಕಿಂತ ಇದೇ ಹಿತ ಅನ್ನಿಸಿತು.

ಟಾಸ್ಕ್ ಶೆಡ್ಯೂಲರ್‌ಗೆ ಹೋಗಿ ಸ್ಕ್ಯಾನ್ ಸಮಯ ಬದಲಿಸುವುದೂ ಇದೇ ಜಾತಿಯದ್ದು. ರಾತ್ರಿ ಕಂಪ್ಯೂಟರ್ ಆನ್ ಇಟ್ಟು ಮಲಗುವವರಾದರೆ ಉಪಯೋಗ. ನನ್ನ ಹಾಗೆ ಕೆಲಸ ಮುಗಿದ ಕೂಡಲೇ ಮುಚ್ಚಿಡುವವರಿಗೆ ಅಷ್ಟೇನಿಲ್ಲ.

ಇನ್ನು ವಿನಾಯಿತಿ. ಇಲ್ಲಿ ಎರಡು ರೀತಿ ಇದೆ, ಎರಡಕ್ಕೂ ಅಜಗಜಾಂತರ. ಮೊದಲ ರೀತಿ ಊಹೆಯಿಂದ ಕೊಡುವುದು: ಪ್ರಾಜೆಕ್ಟ್ ಫೋಲ್ಡರ್ ಪೂರ್ತಿ, ಡೌನ್‌ಲೋಡ್ಸ್ ಪೂರ್ತಿ, ಕೆಲವರಂತೂ ಇಡೀ ಸಿ ಡ್ರೈವ್! ಬೇಗ ಆಗುತ್ತದೆ, ಖಂಡಿತ. ವಾಚ್‌ಮನ್ನನ್ನು ಮನೆಗೆ ಕಳಿಸಿದರೆ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ ಅಲ್ವಾ, ಹಾಗೆ. ಇದು ಎಷ್ಟು ದೊಡ್ಡ ತೂತು ಅಂತ ನೋಡಲು ಐಕಾರ್ ಅನ್ನೋ ಪರೀಕ್ಷೆಯ ಫೈಲ್ ಬಳಸಿದೆ. 68 ಅಕ್ಷರಗಳ ಪಠ್ಯ ಅದು, ಯಾರಿಗೂ ಏನೂ ಮಾಡುವುದಿಲ್ಲ. ಆದರೆ ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಅಂತಲೇ ಹಿಡಿಯಬೇಕು ಅಂತ ಒಪ್ಪಂದ. ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ, ಮೂಲೆಯಲ್ಲಿ ಎಚ್ಚರಿಕೆ. ವಿನಾಯಿತಿ ಕೊಟ್ಟ ಫೋಲ್ಡರ್ ಒಳಗೆ ಅದನ್ನೇ ಸೇವ್ ಮಾಡಿದೆ, ಹಾಯಾಗಿ ಕೂತಿತ್ತು. ನಿಜವಾದದ್ದು ಬಂದರೂ ಅಲ್ಲಿ ಹೀಗೇ ಕೂತಿರುತ್ತದೆ.

ಎರಡನೆಯ ರೀತಿ ಅಳೆದು ಕೊಡುವುದು. ಡಿಫೆಂಡರ್ ಜೊತೆಗೇ ಪರ್ಫಾರ್ಮೆನ್ಸ್ ಅನಲೈಸರ್ ಅಂತ ಒಂದು ಸಾಧನ ಬರುತ್ತದೆ, ಆದರೆ ಇದರ ಬಗ್ಗೆ ಮಾತಾಡುವವರು ಕಮ್ಮಿ. ಅಡ್ಮಿನ್ ಪವರ್‌ಶೆಲ್‌ನಲ್ಲಿ ರೆಕಾರ್ಡಿಂಗ್ ಶುರು ಮಾಡಿ, ನಿಧಾನ ಆಗುವ ಕೆಲಸವನ್ನೇ ಮಾಡಿ, ಎಂಟರ್ ಒತ್ತಿ ನಿಲ್ಲಿಸಿ. ಆಮೇಲೆ ರಿಪೋರ್ಟ್ ಕೇಳಿದರೆ ಯಾವ ಫೈಲ್ ನೋಡಲು ಎಷ್ಟು ಹೊತ್ತು ಹೋಯಿತು, ಯಾವ ಪ್ರೋಗ್ರಾಂನಿಂದಾಗಿ ಹೋಯಿತು, ಯಾವ ಎಕ್ಸ್‌ಟೆನ್ಷನ್‌ನ ಫೈಲ್‌ಗಳು ಜಾಸ್ತಿ, ಎಲ್ಲ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರುತ್ತದೆ. ನಾನು ಬ್ರೌಸರ್ ಮೇಲೆ ಅನುಮಾನ ಇಟ್ಟಿದ್ದೆ. ರಿಪೋರ್ಟ್‌ನ ಮೊದಲ ಸಾಲಿನಲ್ಲಿ ಇದ್ದದ್ದು ಬ್ಯಾಕಪ್ ಪ್ರೋಗ್ರಾಂ. ಬಿಲ್ಡ್ ಆದಾಗಲೆಲ್ಲ ಸಾವಿರಾರು ಫೈಲ್ ಹೊಸದಾಗಿ ಹುಟ್ಟುತ್ತವೆ, ಬ್ಯಾಕಪ್ ಬಂದು ಒಂದೊಂದನ್ನೂ ತೆರೆಯುತ್ತದೆ, ಅದು ತೆರೆದದ್ದಕ್ಕೆಲ್ಲ ಆಂಟಿವೈರಸ್ ಅಡ್ಡ ಬರುತ್ತದೆ. ಬಿಲ್ಡ್ ಒಂದೇ, ಅದರ ಹಿಂದೆ ಎರಡು ಮೆರವಣಿಗೆ.

ಮೊದಲ ಪರಿಹಾರ ಆಂಟಿವೈರಸ್‌ನಲ್ಲಿ ಇರಲೇ ಇಲ್ಲ. ಬಿಲ್ಡ್‌ನಿಂದ ಹುಟ್ಟುವ ಫೋಲ್ಡರ್ ಬ್ಯಾಕಪ್ ಆಗಬೇಕಾದ್ದೇ ಇಲ್ಲ, ಅದನ್ನು ಯಾವಾಗ ಬೇಕಾದರೂ ಮತ್ತೆ ಹುಟ್ಟಿಸಬಹುದು. ಬ್ಯಾಕಪ್ ಪಟ್ಟಿಯಿಂದ ಅದನ್ನು ತೆಗೆದೆ. ಅಷ್ಟಕ್ಕೇ ಹೊರೆ ಎದ್ದು ಕಾಣುವಷ್ಟು ಇಳಿಯಿತು. ಉಳಿದದ್ದಕ್ಕೆ ಬ್ಯಾಕಪ್ ಪ್ರೋಗ್ರಾಂಗೆ ಪ್ರೋಸೆಸ್ ವಿನಾಯಿತಿ ಕೊಟ್ಟೆ. ವಿಂಡೋಸ್ ಸೆಕ್ಯೂರಿಟಿಯಲ್ಲಿ ಎಕ್ಸ್‌ಕ್ಲೂಷನ್ ಸೇರಿಸುವಾಗ ಫೈಲ್, ಫೋಲ್ಡರ್, ಫೈಲ್ ಟೈಪ್, ಪ್ರೋಸೆಸ್ ಅಂತ ನಾಲ್ಕು ಆಯ್ಕೆ ಬರುತ್ತವೆ. ಫೋಲ್ಡರ್ ಆರಿಸಿದರೆ ನಿಗದಿತ ಸ್ಕ್ಯಾನ್, ರಿಯಲ್ ಟೈಮ್ ಎರಡೂ ಆ ಕಡೆ ತಿರುಗಿ ನೋಡುವುದಿಲ್ಲ. ಪ್ರೋಸೆಸ್ ಆರಿಸಿದರೆ ಆ ಪ್ರೋಗ್ರಾಂ ತೆರೆಯುವ ಫೈಲ್‌ಗಳನ್ನು ರಿಯಲ್ ಟೈಮ್ ಬಿಟ್ಟುಬಿಡುತ್ತದೆ, ಅಷ್ಟೇ. ಅವೇ ಫೈಲ್‌ಗಳನ್ನು ಬೇರೆ ಯಾರಾದರೂ ತೆರೆದರೆ ತಪಾಸಣೆ ಉಂಟು, ನಿಗದಿತ ಸ್ಕ್ಯಾನ್ ಬಂದಾಗಲೂ ಉಂಟು. ಫೈಲ್ ಓದಿ ನಕಲು ಮಾಡುವುದಷ್ಟೇ ಕೆಲಸವಾದ ಪ್ರೋಗ್ರಾಂಗೆ ಇದು ಚೆನ್ನಾಗಿ ಹೊಂದುತ್ತದೆ. ಬ್ರೌಸರ್‌ಗೋ ಮೇಲ್ ಪ್ರೋಗ್ರಾಂಗೋ ಮಾತ್ರ ಇದನ್ನು ಕೊಡಬೇಡಿ. ಕೊಡುವಾಗ ಬರೀ ಹೆಸರು ಬರೆಯದೆ ಪೂರ್ತಿ ದಾರಿ ಬರೆಯಿರಿ. ಹೆಸರು ಮಾತ್ರ ಬರೆದರೆ ಅದೇ ಹೆಸರಿಟ್ಟುಕೊಂಡು ಬಂದ ಯಾವನಿಗಾದರೂ ಅದೇ ಮರ್ಯಾದೆ ಸಿಗುತ್ತದೆ.

ಆಂಟಿವೈರಸ್ ಬದಲಾಯಿಸುವ ವಿಷಯಕ್ಕೆ ಬರೋಣ. ಎರಡು ನೋಡಿದೆ, ಒಂದು ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಸೂಟ್, ಇನ್ನೊಂದು ಹಗುರ ಅಂತ ಹೆಸರಾದ ಚಿಕ್ಕದು. ಹೆಸರು ಬೇಡ. ದೊಡ್ಡ ಸೂಟ್ ವೈರಸ್ ತಪಾಸಣೆಯಲ್ಲಿ ಭಾರ ಅನ್ನಿಸಲಿಲ್ಲ. ಅದರ ಜೊತೆ ಬಂದ ಪರಿವಾರವೇ ಭಾರ: ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, 'ಟ್ಯೂನಪ್' ಅನ್ನೋ ಒಂದು, ಬ್ರೌಸರ್ ಎಕ್ಸ್‌ಟೆನ್ಷನ್, ಆಗಾಗ ಇಣುಕುವ ಜಾಹೀರಾತು. ಪ್ರತಿಯೊಂದಕ್ಕೂ ಒಂದೊಂದು ಸರ್ವಿಸ್. ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಬೇರೆ ಆನ್ ಇತ್ತು. ಅದು ತನ್ನದೇ ಸರ್ಟಿಫಿಕೇಟ್ ಹಾಕಿಕೊಂಡು, ಭದ್ರವಾಗಿ ಬರುವ ವೆಬ್ ಪುಟಗಳನ್ನು ನಡುವೆ ಬಿಚ್ಚಿ ನೋಡಿ ಮತ್ತೆ ಕಟ್ಟಿ ಬ್ರೌಸರ್‌ಗೆ ಕೊಡುತ್ತದೆ. ಪ್ರತಿ ಪುಟಕ್ಕೂ ಸಿಪಿಯು ಕೆಲಸ. ಅದನ್ನು ಆಫ್ ಮಾಡಿ ಬೇಡದ ಭಾಗಗಳನ್ನೆಲ್ಲ ತೆಗೆದ ಮೇಲೆ ಯಂತ್ರ ಹಗುರಾಯಿತು. ಆದರೆ ಅಷ್ಟೆಲ್ಲ ತೆಗೆದ ಮೇಲೆ ಉಳಿದದ್ದಕ್ಕೆ ದುಡ್ಡು ಯಾಕೆ ಕೊಡಬೇಕು ಅನ್ನೋ ಪ್ರಶ್ನೆ ಬಂತು, ನೋಡಿ.

ಚಿಕ್ಕದು ನಿಜಕ್ಕೂ ಹಗುರ. ಆದರೆ ಹಾಕಿದ ಮೊದಲ ದಿನ ಅಲ್ಲ. ಎಲ್ಲ ಆಂಟಿವೈರಸ್‌ಗಳೂ ಶುರುವಿನಲ್ಲಿ ಭಾರವೇ, ಯಾಕೆಂದರೆ ನೋಡಿ ಮುಗಿಸಿದ ಫೈಲ್‌ಗಳ ಗುರುತನ್ನು ಅವು ಇಟ್ಟುಕೊಳ್ಳುತ್ತವೆ, ಬದಲಾಗದ ಫೈಲನ್ನು ಮತ್ತೆ ಮತ್ತೆ ನೋಡದೆ ಇರಲು. ಆ ಗುರುತು ಕೂಡಿಬರುವ ತನಕ ಹೋಲಿಸಿ ಪ್ರಯೋಜನವಿಲ್ಲ. ಅದು ಕೂಡಿಬಂದ ಮೇಲೆ ಬಿಲ್ಡ್ ಮತ್ತೆ ಓಡಿಸಿದೆ. ಡಿಫೆಂಡರ್‌ಗೂ ಇದಕ್ಕೂ ಕಣ್ಣಿಗೆ ಕಾಣುವ ಅಂತರ ಇತ್ತು, ಇದೇ ಮುಂದೆ. ಆದರೆ ಬ್ಯಾಕಪ್ ಸರಿಮಾಡಿದ ಡಿಫೆಂಡರ್ ಜೊತೆ ಹೋಲಿಸಿದರೆ ಆ ಅಂತರ ಹೆಚ್ಚು ಕಮ್ಮಿ ಮುಚ್ಚಿಹೋಯಿತು.

ಬದಲಾಯಿಸುವವರಿಗೆ ಒಂದು ಮಾತು. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಫ್‌, ಎಲ್‌, ಟಿ, ಎಂ, ಸಿ ಅನ್ನೋ ಐದು ಅಕ್ಷರ ಟೈಪ್ ಮಾಡಿ. ಫೈಲ್‌ಗಳ ದಾರಿಯಲ್ಲಿ ಕೂತಿರುವ ಫಿಲ್ಟರ್ ಡ್ರೈವರ್‌ಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಪಕ್ಕ ಆಲ್ಟಿಟ್ಯೂಡ್ ಅಂತ ಒಂದು ಅಂಕಿ. 320000ದಿಂದ 329998ರ ನಡುವಿನವು ಆಂಟಿವೈರಸ್‌ಗೆ ಮೀಸಲು. ಡಿಫೆಂಡರ್‌ದು 328010. ಆ ಸಾಲಿನಲ್ಲಿ ನೀವು ಕಿತ್ತು ಹಾಕಿದ ಕಂಪನಿಯ ಹೆಸರು ಇನ್ನೂ ಇದ್ದರೆ, ಒಂದೊಂದು ಫೈಲಿಗೂ ಇಬ್ಬರು ಅಡ್ಡ ನಿಂತಿರಬಹುದು. ನನ್ನಲ್ಲಿ ಆ ದೊಡ್ಡ ಸೂಟ್‌ನ ಒಂದು ಡ್ರೈವರ್ ಹೀಗೇ ಉಳಿದುಕೊಂಡಿತ್ತು. ತಯಾರಕರೇ ಕೊಡುವ ರಿಮೂವಲ್ ಟೂಲನ್ನು ಸೇಫ್ ಮೋಡ್‌ನಲ್ಲಿ ಓಡಿಸಿದ ಮೇಲೆ ಹೋಯಿತು.

ರಿಯಲ್ ಟೈಮ್ ಪೂರ್ತಿ ಆಫ್ ಮಾಡಿ ಆಗಾಗ ಕೈಯಿಂದ ಸ್ಕ್ಯಾನ್ ಮಾಡಿಕೊಳ್ಳುವ ದಾರಿ ನನಗೆ ಹಿಡಿಸಲಿಲ್ಲ. ಡಿಫೆಂಡರ್‌ನಲ್ಲಿ ಆಫ್ ಮಾಡಿದರೂ ಸ್ವಲ್ಪ ಹೊತ್ತಿಗೆ ತಾನೇ ಆನ್ ಆಗುತ್ತದೆ. ಇದನ್ನು ತಪ್ಪಿಸಲು, ಡಿಫೆಂಡರ್ ಸೆಟ್ಟಿಂಗ್‌ಗಳನ್ನು ಬೇರೆಯವರು ತಿದ್ದದಂತೆ ಕಾಯುವ ಟ್ಯಾಂಪರ್ ಪ್ರೊಟೆಕ್ಷನ್ ಆಫ್ ಮಾಡಿ, ರಿಜಿಸ್ಟ್ರಿ ತಿದ್ದಿ ಅಂತೆಲ್ಲ ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಕೋಡ್ ಬರೆಯುವವರಿಗೆ ಮಾತ್ರ ಇನ್ನೊಂದು ಆಯ್ಕೆ ಇದೆ, ವಿಂಡೋಸ್ 11ರಲ್ಲಿ 2023ರಲ್ಲಿ ಬಂದ ಡೆವ್ ಡ್ರೈವ್. ಕೋಡ್ ಕೆಲಸಕ್ಕೆ ಅಂತಲೇ ಮಾಡಿಕೊಳ್ಳುವ ಬೇರೆ ಡ್ರೈವ್ ಅದು. ಕನಿಷ್ಠ 50 ಜಿಬಿ ಜಾಗ ಬೇಕು, 8 ಜಿಬಿ ರ್‍ಯಾಮ್ ಬೇಕು, ಸಿ ಡ್ರೈವನ್ನೇ ಹಾಗೆ ಮಾಡಲು ಬರುವುದಿಲ್ಲ. ಅಲ್ಲಿ ಡಿಫೆಂಡರ್ ಫೈಲ್ ತೆರೆಯುವುದನ್ನು ತಡೆದು ನಿಲ್ಲಿಸುವುದಿಲ್ಲ, ತೆರೆದುಕೊಳ್ಳಲು ಬಿಟ್ಟು ಹಿಂದಿನಿಂದ ನೋಡುತ್ತದೆ. ರಕ್ಷಣೆ ಸ್ವಲ್ಪ ಸಡಿಲ, ಆದರೆ ಫೋಲ್ಡರ್ ವಿನಾಯಿತಿಯಷ್ಟು ಖಾಲಿ ಅಲ್ಲ. ಈಗ ನನ್ನ ಪ್ರಾಜೆಕ್ಟ್‌ಗಳೆಲ್ಲ ಅಲ್ಲೇ ಇವೆ. ಬ್ಯಾಕಪ್‌ಗೆ ಪ್ರೋಸೆಸ್ ವಿನಾಯಿತಿ ಹಾಗೇ ಇದೆ, ಕಡಿಮೆ ಪ್ರಯಾರಿಟಿ ಆನ್ ಇದೆ. ಸಿಪಿಯು ಮಿತಿಯನ್ನು ಮೊದಲಿದ್ದ 50ಕ್ಕೇ ವಾಪಸ್ ತಂದಿದ್ದೇನೆ, ಸ್ಕ್ಯಾನ್ ಬೇಗ ಮುಗಿದು ಹೋಗಲಿ ಅಂತ.