ಕರೆಂಟ್ ಹೋದ ದಿನ ಬಿಡಿ ಪನೀರ್ ತರಬೇಡಿ

ಶಿರಸಿ ಕಡೆಯವರಿಗೆ ಮಳೆಗಾಲದ ಕರೆಂಟ್ ಕಥೆ ಹೊಸದಲ್ಲ. ಗಾಳಿ ಬಂತು, ಮರ ಬಿತ್ತು, ಲೈನ್ ಹೋಯ್ತು. ಅಷ್ಟು ಹೊತ್ತು ಡೇರಿ ಅಂಗಡಿಯ ಫ್ರಿಜ್ ಕೂಡ ಸುಮ್ನೆ ನಿಂತಿರುತ್ತದೆ ಅಲ್ವಾ? ಅದನ್ನು ಯಾರೂ ಕೇಳುವುದಿಲ್ಲ.

ಈ ಜುಲೈಯಲ್ಲಿ ನೆಂಟರು ಬಂದಿದ್ದರು ಅಂತ ಪೇಟೆಯ ಒಂದು ಅಂಗಡಿಯಿಂದ ಬಿಡಿ ಪನೀರ್ ತಂದೆವು. ಪನೀರ್ ಗಡ್ಡೆಗಳು ಪ್ಲಾಸ್ಟಿಕ್ ಟಬ್‌ನ ನೀರಲ್ಲಿ ಮುಳುಗಿದ್ದವು. ಅಂಗಡಿಯವರು ಬರಿಗೈಯಲ್ಲೇ ಎತ್ತಿ ತೂಗಿದರು. ಜಾಸ್ತಿಯಾದ ತುಂಡನ್ನು ಮುರಿದು ಮತ್ತೆ ಅದೇ ನೀರಿಗೆ ಹಾಕಿದರು. ಅದೇ ಕೈಯಲ್ಲಿ ನೋಟು ಎಣಿಸಿದರು. ಬಿಲ್ ಕೇಳಿದರೆ, ಕರೆಂಟ್ ಇಲ್ಲ, ಮಷಿನ್ ನಡೆಯೋಲ್ಲ ಅಂದರು.

ಮನೆಯಲ್ಲಿ ಚೆನ್ನಾಗಿ ಕುದಿಸಿಯೇ ಪಲ್ಯ ಮಾಡಿದ್ದು. ಉಂಡು ಮೂರು ತಾಸಾಗಿರಲಿಲ್ಲ, ಮಗಳಿಗೆ ವಾಂತಿ ಶುರುವಾಯಿತು. ಆಮೇಲೆ ಅತ್ತೆಗೆ, ನೆಂಟರಿಗೆ. ಪನೀರ್ ಮುಟ್ಟದ ಮಾವ ಒಬ್ಬರೇ ಸರಿಯಿದ್ದರು. ರಾತ್ರಿಯೇ ಮಗಳಿಗೆ ಡ್ರಿಪ್ ಹಾಕಬೇಕಾಯಿತು. ಆ ಸಣ್ಣ ಕೈಯಲ್ಲಿ ನರ ಸಿಗದೆ ಮತ್ತೆ ಮತ್ತೆ ಚುಚ್ಚಿದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಇಷ್ಟು ಬೇಗ ವಾಂತಿಯಾಗಿದೆ ಅಂದರೆ ಸ್ಟ್ಯಾಫಿಲೋಕಾಕಸ್ ಇರಬೇಕು ಅಂದರು ಡಾಕ್ಟರ್. ಇದು ನಮ್ಮ ಕೈಯಲ್ಲಿ, ಮೂಗಿನಲ್ಲಿ ಇರುವ ಬ್ಯಾಕ್ಟೀರಿಯಾ. ತಂಪು ತಪ್ಪಿದ ಪನೀರ್, ಖೋವಾದಲ್ಲಿ ಬೇಗ ಬೆಳೆದು ವಿಷ ಬಿಡುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. ವಾಸನೆ, ರುಚಿ ಕೆಡಲೇಬೇಕು ಅಂತಿಲ್ಲ. ಬೇಯಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ.

ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಟ್ಟೆವು. ಅವರು ಬಂದು ಸ್ಯಾಂಪಲ್ ತೆಗೆದುಕೊಂಡು ಹೋದರು. ಅಷ್ಟರಲ್ಲಿ ಟಬ್ ಬದಲಾಗಿತ್ತು, ಫ್ರಿಜ್ ತಣ್ಣಗಾಗಿತ್ತು, ಪನೀರೂ ಹೊಸದು. ನಾವು ತಿಂದ ಪನೀರ್ ಬಗ್ಗೆ ಅದರಿಂದ ಏನು ಗೊತ್ತಾಗುತ್ತದೆ ಹೇಳಿ! ನಮ್ಮಲ್ಲಿ ಚೂರೂ ಉಳಿದಿರಲಿಲ್ಲ, ಕೈಯಲ್ಲಿ ಬಿಲ್ಲೂ ಇಲ್ಲ.

ಹಾಗಾಗಿ ಬಿಲ್ ಕೊಡದ ಕಡೆ ಹಾಲಿನ ಪದಾರ್ಥ ಕೊಳ್ಳಲೇಬೇಡಿ. ಬಿಲ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಅಥವಾ ನೋಂದಣಿ ನಂಬರ್ ಇರುವುದು 2022ರಿಂದ ಕಡ್ಡಾಯ. ಅಂಗಡಿಯಲ್ಲಿ ಎದುರಿಗೇ ಕಾಣುವಂತೆ ಆ ಲೈಸೆನ್ಸ್ ಅಥವಾ ನೋಂದಣಿ ಪತ್ರ ಹಾಕಿರಬೇಕು. ಗಲೀಜಾಗಿ ಆಹಾರ ತಯಾರಿಸಿದರೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅವಕಾಶವಿದೆ. ಅನುಮಾನ ಬಂದರೆ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ ನಾವೇ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ವಾಪಸ್ ಸಿಗುತ್ತದೆ.

ಆ ವಾರ ಪೇಟೆಯ ಪನೀರ್ ತಿಂದು ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಡಾಕ್ಟರ್ ಚೀಟಿ ಸಮೇತ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಿ, ಇಲ್ಲವೇ 1800112100ಕ್ಕೆ ಫೋನ್ ಮಾಡಿ. ನಮ್ಮದೊಂದೇ ದೂರಾದರೆ ಅದು ಅಲ್ಲಿಗೇ ನಿಂತುಬಿಡುತ್ತದೆ.