ಥಾಣೆಯ ಡಿಮೆನ್ಶಿಯಾ ಡೇ ಕೇರ್: ಮರೆವು ಹೋಗಲ್ಲ, ಆದರೂ ಕಳಿಸಬಹುದು

ಮೊದಲೇ ಹೇಳಿಬಿಡುತ್ತೇನೆ, ಮರೆವು ವಾಸಿಯಾಗುತ್ತದೆ ಅಂದುಕೊಂಡು ಇಲ್ಲಿ ದುಡ್ಡು ಕಟ್ಟಬೇಡಿ. ಡಿಮೆನ್ಶಿಯಾದ ಒಂದು ಬಗೆಯಾದ ಅಲ್ಝೈಮರ್ ವಾಸಿಯಾಗುವ ಕಾಯಿಲೆ ಅಲ್ಲ. ಈ ಡೇ ಕೇರ್‌ನವರೇ ಮೊದಲ ಭೇಟಿಯಲ್ಲಿ ಅದನ್ನು ನೇರವಾಗಿ ಹೇಳಿದರು, ಅಲ್ಲಿಗೆ ನನಗೆ ಅರ್ಧ ನಂಬಿಕೆ ಬಂತು. ನಮ್ಮ ಅತ್ತೆಯನ್ನು ಡೊಂಬಿವಲಿಯಿಂದ ಥಾಣೆಗೆ ಕಳಿಸುತ್ತಿರುವುದು ಅವರ ಹಗಲು ಚೆನ್ನಾಗಿ ಕಳೆಯಲಿ, ನಮಗೆ ರಾತ್ರಿ ನಿದ್ದೆ ಸಿಗಲಿ ಅಂತ. ಎರಡೂ ಸಿಕ್ಕಿದೆ. ಹೆಸರು ಹಾಕುತ್ತಿಲ್ಲ, ಕೆಳಗೆ ದೂರುಗಳೂ ಇವೆ.

ಕಾಗದ ಇಲ್ಲದೆ ಇವರು ಸೇರಿಸಿಕೊಳ್ಳುವುದಿಲ್ಲ. ನ್ಯೂರಾಲಜಿಸ್ಟ್ ಚೀಟಿ, ಎಂಆರ್‌ಐ, ಬಿ12, ಥೈರಾಯ್ಡ್ ರಿಪೋರ್ಟ್, ಎಲ್ಲ ಕೇಳುತ್ತಾರೆ. ಕಿರಿಕಿರಿ ಅನಿಸಬಹುದು, ಆದರೆ ಅದು ಸರಿಯೇ. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸಿಗೆ ಖಿನ್ನತೆ ಹಿಡಿದರೂ ವಯಸ್ಸಾದವರು ಹೀಗೇ ಮಂಕಾಗುತ್ತಾರೆ, ಮತ್ತು ಅವಕ್ಕೆ ಚಿಕಿತ್ಸೆ ಇದೆ. ಖಾಸಗಿ ಡಾಕ್ಟರ ಫೀಸು ಭಾರ ಅನಿಸಿದರೆ ಕೆಇಎಂ, ಸಾಯನ್, ನಾಯರ್, ಜೆಜೆ, ಮುಂಬೈನ ಇಂಥ ಯಾವುದಾದರೂ ಸಾರ್ವಜನಿಕ ಆಸ್ಪತ್ರೆಯ ಓಪಿಡಿಗೆ ಹೋಗಿ. ಕೇಸ್ ಪೇಪರ್ ಮಾಡಿಸುವ ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೊರಡಿ, ಜೊತೆಗೆ ಇಬ್ಬರು ಇರಲಿ. ಒಬ್ಬರು ಸಾಲಿನಲ್ಲಿ ನಿಲ್ಲಬೇಕು, ಇನ್ನೊಬ್ಬರು ಅಜ್ಜಿಯ ಕೈ ಹಿಡಿದುಕೊಂಡಿರಬೇಕು.

ಪರೀಕ್ಷೆಯ ಭಾಷೆ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಮುಂಬೈ ಕನ್ನಡಿಗರಿಗೆ ಇದು ಬೇಕಾಗುತ್ತದೆ. ಮರೆವು ಎಷ್ಟಿದೆ ಅಂತ ಅಳೆಯುವ 30 ಅಂಕದ ಒಂದು ಪರೀಕ್ಷೆ ಇದೆ, ಎಂಎಂಎಸ್‌ಇ ಅಂತ. ಈಗ ಯಾವ ಇಸವಿ, ಯಾವ ತಿಂಗಳು, ನಾವು ಎಷ್ಟನೇ ಮಹಡಿಯಲ್ಲಿದ್ದೇವೆ, 100ರಿಂದ 7 ಕಳೆಯುತ್ತಾ ಬನ್ನಿ, ಹೀಗೆ ಕೇಳುತ್ತಾರೆ. ನಾವು ಮೊದಲು ಹೋದ ಕ್ಲಿನಿಕ್‌ನಲ್ಲಿ ಇದೆಲ್ಲ ಹಿಂದಿಯಲ್ಲಿ ಆಯಿತು. ನಮ್ಮ ಅತ್ತೆ ಗದಗಿನವರು. ಇಷ್ಟು ವರ್ಷ ಭಾಜಿವಾಲಿಯ ಹತ್ತಿರ ಮರಾಠಿಯಲ್ಲಿ ಚೌಕಾಸಿ ಮಾಡಿದವರಿಗೆ ಈಗ ಮರಾಠಿ, ಹಿಂದಿ ಎರಡೂ ಸರಿದುಹೋಗಿ ಕನ್ನಡ ಮಾತ್ರ ಉಳಿದಿದೆ. ಆಮೇಲೆ ಕಲಿತ ಭಾಷೆ ಮೊದಲು ಹೋಗುವುದು ಈ ಕಾಯಿಲೆಯಲ್ಲಿ ಅಪರೂಪವೇನಲ್ಲ. ಹಾಗಾಗಿ ಅವರು ಸುಮ್ನೆ ಕೂತರು, ಅಂಕ ಪಾತಾಳಕ್ಕೆ ಇಳಿಯಿತು. ಬೇರೆ ಕಡೆ ಕನ್ನಡದಲ್ಲಿ ಕೇಳಿಸಿದಾಗ ಊರು, ಹಬ್ಬ, ಮಕ್ಕಳ ಹೆಸರು ಎಲ್ಲ ಬಂತು. ಕಾಯಿಲೆ ಇದ್ದದ್ದು ನಿಜ, ಆದರೆ ಮೊದಲ ಚೀಟಿಯಲ್ಲಿ ಬರೆದಷ್ಟು ಮುಂದುವರಿದಿರಲಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಯಾರಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ, ಮೋಕಾ ಅಂತ ಇಂಥದ್ದೇ ಇನ್ನೊಂದು ಪರೀಕ್ಷೆಯೂ ಇದೆ. ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ಮಾತ್ರೆ ಡೊನೆಪೆಜಿಲ್, 5 ಮಿಲಿಗ್ರಾಂನಿಂದ ಶುರು. ಹೊಟ್ಟೆ ಕೆಡುವುದು, ವಾಕರಿಕೆ, ವಿಚಿತ್ರ ಕನಸು ಆಗಬಹುದು, ನಾಡಿ ನಿಧಾನ ಆಗುವುದೂ ಉಂಟು, ಹಾಗಾಗಿ ಹೃದಯದ ತೊಂದರೆ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಆಮೇಲೆ ಮೆಮಾಂಟಿನ್ ಅನ್ನುವ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಕಾಯಿಲೆ ಮುಂದುವರಿಯುವುದನ್ನು ಇವು ನಿಲ್ಲಿಸುವುದಿಲ್ಲ, ಕೆಲವರಿಗೆ ಕೆಲವು ಕಾಲ ಸ್ವಲ್ಪ ಅನುಕೂಲ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಸಿಕ್ಕ ಲೆಕನೆಮ್ಯಾಬ್ ಅನ್ನುವ ಹೊಸ ಔಷಧಿಯ ಬಗ್ಗೆ ಎಲ್ಲರೂ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅದು ತೀರಾ ಆರಂಭದ ಹಂತದವರಿಗೆ, ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತಿದೆಯಾ ಅಂತ ಪದೇ ಪದೇ ಎಂಆರ್‌ಐ ಮಾಡುತ್ತಿರಬೇಕು.

ಈಗ ಡೇ ಕೇರ್. ಬೆಳಿಗ್ಗೆ ಕೈಕಾಲು ಆಡಿಸುವ ವ್ಯಾಯಾಮ, ಆಮೇಲೆ ಸಣ್ಣ ಗುಂಪಿನಲ್ಲಿ ಪೇಪರ್ ಓದಿ ಹರಟೆ, ಹಾಡು, ಹಳೇ ನಾಣ್ಯ, ಪಾತ್ರೆ ಕೈಗೆ ಕೊಟ್ಟು ಮಾತಾಡಿಸುವುದು. ಇದಕ್ಕೆ ಕಾಗ್ನಿಟಿವ್ ಸ್ಟಿಮ್ಯುಲೇಶನ್ ಅನ್ನುತ್ತಾರೆ. ಮಕ್ಕಳ ಬಣ್ಣದ ಪುಸ್ತಕ ಕೊಟ್ಟು ಕೂರಿಸುವುದಿಲ್ಲ, ಅದು ನನಗೆ ಇಷ್ಟವಾಯಿತು.

ಎಲ್ಲಕ್ಕಿಂತ ಚೆನ್ನಾಗಿ ನಿಭಾಯಿಸುವುದು ಸಂಜೆಯ ಹೊತ್ತನ್ನು. ನಾಲ್ಕು ಗಂಟೆ ದಾಟಿದರೆ ಅತ್ತೆ ಸೆರಗು ಸಿಗಿಸಿಕೊಂಡು ಬಾಗಿಲಿಗೆ ಹೊರಡುತ್ತಾರೆ, "ನಾ ಮನಿಗೆ ಹೊಕ್ಕೀನಿ." ಮನೆಯಲ್ಲಾದರೆ ನಾವು "ಇದೇ ಮನೆ ಅಲ್ವಾ" ಅಂತ ವಾದಕ್ಕೆ ನಿಲ್ಲುತ್ತಿದ್ದೆವು, ಜಗಳವಾಗಿ ರಾತ್ರಿ ಹನ್ನೊಂದಾದರೂ ಮುಗಿಯುತ್ತಿರಲಿಲ್ಲ. ಇಲ್ಲಿಯ ಮೌಶಿ, ಅಂದರೆ ನೋಡಿಕೊಳ್ಳುವ ಹೆಂಗಸು, ವಾದ ಮಾಡುವುದೇ ಇಲ್ಲ. "ಹೋಗೋಣ ಆಜಿ, ಚಹಾ?" ಇಷ್ಟೇ, ಅವರಿಗೆ ಗೊತ್ತಿರುವ ಕನ್ನಡವೂ ಇಷ್ಟೇ. ಚೀಲ ಕೈಗೆ ಕೊಡುತ್ತಾರೆ, ಟವೆಲ್ ಮಡಚಿ ತುಂಬಲು ಹೇಳುತ್ತಾರೆ, ಲೈಟು ಹಾಕುತ್ತಾರೆ. ಮಡಚಿ, ತುಂಬಿ, ತೆಗೆದು, ಮತ್ತೆ ಮಡಚುವಷ್ಟರಲ್ಲಿ ಹೊರಡುವ ಆತುರ ಇಳಿದಿರುತ್ತದೆ. ಗೋಡೆಯ ಮೇಲೆ ಮರಾಠಿ ಅಕ್ಷರದಲ್ಲಿ ನೀರು, ಬಚ್ಚಲು, ಊಟ, ನೋವು ಅಂತ ಬರೆದು ಅಂಟಿಸಿಕೊಂಡಿದ್ದಾರೆ. ನಾವು ಕೇಳಿರಲಿಲ್ಲ, ಅವರೇ ನನ್ನ ಗಂಡನನ್ನು ಕೂರಿಸಿ ಬರೆಸಿಕೊಂಡರು.

ಮನೆಯವರಿಗೂ ತಿಂಗಳಿಗೊಮ್ಮೆ ಪಾಠ ಇದೆ. ಹೇಗೆ ಸ್ನಾನ ಮಾಡಿಸಬೇಕು, "ಬಂಗಾರ ಕದ್ದರು" ಅಂದಾಗ ಏನು ಹೇಳಬೇಕು, ಇಂಥದ್ದು. ಇದು ಸುಮ್ನೆ ಉಪಚಾರ ಅಲ್ಲ. ಗೋವಾದಲ್ಲಿ ಅಮಿತ್ ಡಯಾಸ್, ವಿಕ್ರಮ್ ಪಟೇಲ್ ಮೊದಲಾದ ಸಂಶೋಧಕರು 81 ಕುಟುಂಬಗಳ ಜೊತೆ ಮಾಡಿದ ಪ್ರಯೋಗ 2008ರಲ್ಲಿ ಪ್ರಕಟವಾಗಿದೆ. ತರಬೇತಿ ಪಡೆದ ಸ್ಥಳೀಯರು ಮನೆಗೆ ಹೋಗಿ ಸಲಹೆ ಕೊಟ್ಟಾಗ ನೋಡಿಕೊಳ್ಳುವವರ ಮಾನಸಿಕ ಒತ್ತಡ ಕಡಿಮೆಯಾಯಿತು ಅಂತ ಅದರಲ್ಲಿ ಕಂಡಿತು. ನಮ್ಮ ಮನೆಯಲ್ಲಿ ಅದು ನಿಜವಾಗಿದೆ.

ದೂರುಗಳು. ಗಾಡಿ ವ್ಯವಸ್ಥೆ ಥಾಣೆ ದಾಟಿ ಬರುವುದಿಲ್ಲ. ಆಫೀಸ್ ಹೊತ್ತಿನ ಲೋಕಲ್‌ನಲ್ಲಿ ಇವರನ್ನು ಕರೆದೊಯ್ಯುವುದು ಕನಸಿನ ಮಾತು, ಗೊತ್ತಿರುವ ಒಬ್ಬ ಡ್ರೈವರ್‌ಗೆ ತಿಂಗಳ ಲೆಕ್ಕದಲ್ಲಿ ಕೊಡುತ್ತಿದ್ದೇವೆ, ಅದೇ ದೊಡ್ಡ ಖರ್ಚು. ಬಾತ್‌ರೂಮಿನ ಬಾಗಿಲಲ್ಲಿ ಮೆಟ್ಟಿಲು ಇದೆ, ಹೇಳಿ ಹೇಳಿ ಸಾಕಾಯಿತು, ಇನ್ನೂ ಇದೆ. ಊಟದ ಹೊತ್ತಿಗೆ ಟಿವಿಯಲ್ಲಿ ನ್ಯೂಸ್ ಚಾನೆಲ್ ಕಿರುಚುತ್ತಿರುತ್ತದೆ, ಇಂಥ ಜಾಗದಲ್ಲಿ ಅದು ಯಾರಿಗೆ ಬೇಕೋ.

ಆದರೂ ಇದಕ್ಕೆ ಮೊದಲು ನೋಡಿದ್ದಕ್ಕಿಂತ ಎಷ್ಟೋ ವಾಸಿ. ಮನೆಗೆ ಆಯಾಗಳನ್ನು ಕಳಿಸುವ ಒಂದು ಬ್ಯೂರೋ ಮುಂಗಡ ತೆಗೆದುಕೊಂಡು ವಾರಕ್ಕೊಬ್ಬ ಹೊಸ ಹೆಂಗಸನ್ನು ಕಳಿಸಿತು, ಮುಖ ನೆನಪಿಡಲಾಗದವರ ಮನೆಗೆ! ಇನ್ನೊಂದು ಕಡೆ ಸ್ಟೆಮ್ ಸೆಲ್ (ಆಕರಕೋಶ) ಚಿಕಿತ್ಸೆಯ ಪ್ಯಾಕೇಜ್ ಅಂತ ಲಕ್ಷಗಟ್ಟಲೆ ಹೇಳಿದರು. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅಲ್ಝೈಮರ್‌ಗೆ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಇಲ್ಲ. ಆ ಮಾತು ಎತ್ತಿದವರ ಹತ್ತಿರ ಕೂರಲೇಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ, ಮೆಟ್ಟಿಲು ಒಡೆದರೆ ಇನ್ನರ್ಧ. ಎಲ್ಲಿಂದ ಹುಡುಕುವುದು ಅನ್ನುವವರು ಅಲ್ಝೈಮರ್ ಇದ್ದವರಿಗೆ, ಅವರ ಮನೆಯವರಿಗೆ ನೆರವಾಗುವ, 1992ರಿಂದ ಇರುವ ಎಆರ್‌ಡಿಎಸ್‌ಐ ಸಂಸ್ಥೆಯ ಮುಂಬೈ ಘಟಕವನ್ನು ಕೇಳಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಮಾಡಿ. ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಚಿಕಿತ್ಸೆ ಖರ್ಚಿನ ತೆರಿಗೆ ಕಡಿತ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿಬಿ) ಮರೆಯಬೇಡಿ, ಡಿಮೆನ್ಶಿಯಾ ಆ ಪಟ್ಟಿಯಲ್ಲಿದೆ, ಹಿರಿಯ ನಾಗರಿಕರ ಚಿಕಿತ್ಸೆಗೆ 1 ಲಕ್ಷದವರೆಗೆ. ಅಸಾಮರ್ಥ್ಯ ಶೇ 40ಕ್ಕೆ ಕಡಿಮೆ ಇರಬಾರದು, ಅದು ತಜ್ಞರ ಚೀಟಿಯಲ್ಲಿ ಬರೆದಿರಬೇಕು. ಮುಂದಿನ ಸಲ ನ್ಯೂರಾಲಜಿಸ್ಟ್ ಹತ್ತಿರ ಹೋದಾಗಲೇ ಬರೆಸಿಕೊಂಡು ಬನ್ನಿ, ಮಾರ್ಚ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ.