ಸೋನಾರ್‌ಕ್ಯೂಬ್: ಹಾಕಿಕೊಳ್ಳಿ, ಆದರೆ ಅದು ತೋರಿಸುವ ಒಟ್ಟು ದಿನಗಳ ಅಂಕಿ ಹಿಡಿದು ಮೀಟಿಂಗಿಗೆ ಹೋಗಬೇಡಿ

ನಮ್ಮದು ಎಂಟು ಜನರ ಟೀಮ್, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಕೋಡ್ ಓದಿ ಅದರಲ್ಲಿನ ದೋಷಗಳನ್ನು ಪಟ್ಟಿ ಮಾಡುವ ಸೋನಾರ್‌ಕ್ಯೂಬ್ ಅನ್ನುವ ಸಾಫ್ಟ್‌ವೇರಿನ ಉಚಿತ ಆವೃತ್ತಿಯನ್ನು ಎರಡು ವರ್ಷದಿಂದ ಬಳಸುತ್ತಿದ್ದೇವೆ.

ಕೋಡಿನ ಟೆಕ್ನಿಕಲ್ ಡೆಟ್ (ಆಮೇಲೆ ಸರಿ ಮಾಡೋಣ ಅಂತ ಬಿಟ್ಟ ಕೆಲಸದ ಸಾಲ) ತೀರಿಸಲು ಎಷ್ಟು ದಿನ ಬೇಕು ಅಂತ ಇದು ಲೆಕ್ಕ ಹಾಕಿ ತೋರಿಸುತ್ತದೆ, 8 ಗಂಟೆಗೆ ಒಂದು ದಿನ. ನಮಗೆ ಮೊದಲ ಸಲ 212 ದಿನ ಬಂತು. ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ನಮ್ಮ ಪ್ರಾಡಕ್ಟ್ ಮ್ಯಾನೇಜರ್‌ಗೆ ಅದನ್ನೇ ತೋರಿಸಿದೆ. "ಅಷ್ಟು ದಿನ ಕೊಟ್ಟರೆ ಗ್ರಾಹಕರಿಗೆ ಏನು ಸಿಗುತ್ತೆ ಹೇಳಿ" ಅಂದರು. ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. 3ನೇ ತಾರೀಖು ಜಿಎಸ್‌ಟಿ ದರ ಬದಲಾವಣೆ ಪ್ರಕಟವಾಯಿತು, 22ಕ್ಕೆ ಜಾರಿ. ದರಗಳೆಲ್ಲ ಒಂದೇ ಕಡೆ ಇದ್ದಿದ್ದರೆ ಸುಲಭವಾಗಿ ಮುಗಿಯುತ್ತಿತ್ತು, ಆದರೆ ನಮ್ಮಲ್ಲಿ ತೆರಿಗೆಯ ಲೆಕ್ಕ 14 ಫೈಲ್‌ಗಳಲ್ಲಿ ಕಾಪಿ ಪೇಸ್ಟ್ ಆಗಿ ಕೂತಿತ್ತು, 12% ದರ ಒಂದರಲ್ಲಿ 12 ಅಂತ, ಇನ್ನೊಂದರಲ್ಲಿ 0.12 ಅಂತ. ಸೋನಾರ್ ಒಂದು ವರ್ಷದಿಂದ ಅವುಗಳಲ್ಲಿ ಹೆಚ್ಚಿನವನ್ನು ಡ್ಯೂಪ್ಲಿಕೇಶನ್ ಪಟ್ಟಿಯಲ್ಲಿ ತೋರಿಸುತ್ತಲೇ ಇತ್ತು. ಪ್ರತಿ ಸ್ಪ್ರಿಂಟ್‌ನಲ್ಲೂ (ಕೆಲಸದ ಒಂದೊಂದು ಸುತ್ತಿನಲ್ಲೂ) ನಾವೇ ಮುಂದೆ ಹಾಕಿದ್ದೆವು. ಸೋನಾರ್ ಹಿಡಿಯದೇ ಹೋಗಿದ್ದು ಸೇಲ್ಸ್ ರಿಟರ್ನ್ ಫೈಲ್, ಅಂದರೆ ಗ್ರಾಹಕರು ವಾಪಸ್ ಕೊಟ್ಟ ಸರಕಿನ ಲೆಕ್ಕ. ಅಲ್ಲಿ ಯಾರೋ ಕೇಂದ್ರಕ್ಕೆ 6, ರಾಜ್ಯಕ್ಕೆ 6 ಅಂತ ಬೇರೆಯೇ ರೀತಿ ಬರೆದಿದ್ದರು. ಹಳೇ ಬಿಲ್ಲಿನ ವಾಪಸಾತಿಗೆ ಹಳೇ ದರ, ಹೊಸ ಬಿಲ್ಲಿನದಕ್ಕೆ ಹೊಸ ದರ ಬೀಳಬೇಕು, ಅಲ್ವಾ? ಅಲ್ಲಿ ಎಲ್ಲದಕ್ಕೂ ಹಳೇ ದರವೇ ಬೀಳುತ್ತಿತ್ತು. ನಮ್ಮ ಟೆಸ್ಟರ್ ಒಂದೊಂದೇ ಬಿಲ್ ಹಾಕಿ ನೋಡಿ ಅದನ್ನು ಕಂಡುಹಿಡಿದರು.

ಆಮೇಲಿಂದ 212 ದಿನದ ಮಾತು ಎತ್ತಿಲ್ಲ. ಯಾವ ಫೀಚರ್ ಕೇಳುತ್ತಾರೋ ಅದು ಮುಟ್ಟುವ ಫೈಲ್‌ಗಳನ್ನಷ್ಟೇ ತೆರೆದು ತೋರಿಸುತ್ತೇನೆ: "ಹೀಗೇ ಮಾಡಿದರೆ 5 ದಿನ, ಇದನ್ನು ಸರಿ ಮಾಡಿಕೊಂಡು ಮಾಡಿದರೆ 7, ಆದರೆ ಮುಂದಿನದು 2 ದಿನಕ್ಕೆ ಮುಗಿಯುತ್ತದೆ." ಈಗ ಅವರು ಜಾಸ್ತಿ ಸಲ 7 ದಿನವನ್ನೇ ಆರಿಸುತ್ತಾರೆ.

ನನಗೆ ತುಂಬಾ ಇಷ್ಟವಾಗಿದ್ದು ಸೋನಾರ್‌ನ ಕ್ವಾಲಿಟಿ ಗೇಟ್, ಅಂದರೆ ಕೋಡ್ ಪಾಸೋ ಫೇಲೋ ಅಂತ ಹೇಳುವ ಪರೀಕ್ಷೆ. ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ ಅದು ಹೊಸ ಕೋಡನ್ನು ಮಾತ್ರ ನೋಡುತ್ತದೆ: ಟೆಸ್ಟ್ ಕವರೇಜ್ (ಟೆಸ್ಟ್‌ಗಳು ಓಡಿಸಿ ನೋಡುವ ಕೋಡಿನ ಪಾಲು) ಕನಿಷ್ಠ 80%, ಡ್ಯೂಪ್ಲಿಕೇಶನ್ 3% ದಾಟಬಾರದು. ಹಳೇ ಸಾಲಕ್ಕಾಗಿ ರಿಲೀಸ್ ನಿಲ್ಲುವುದಿಲ್ಲ, ಹೊಸ ಸಾಲ ಮಾತ್ರ ಕಣ್ಣಿಗೆ ಬೀಳದೆ ಉಳಿಯುವುದಿಲ್ಲ.

ಒಂದು ಕೊರತೆ ಇದೆ. ಉಚಿತ ಆವೃತ್ತಿ ಮುಖ್ಯ ಬ್ರಾಂಚ್ (ಎಲ್ಲರ ಕೆಲಸ ಸೇರುವ ಮೂಲ ಪ್ರತಿ) ಬಿಟ್ಟು ಬೇರೆ ಬ್ರಾಂಚ್ ನೋಡುವುದಿಲ್ಲ, ಹಾಗಾಗಿ ತಪ್ಪು ಗೊತ್ತಾಗುವುದು ಹೊಸ ಕೋಡ್ ಅದಕ್ಕೆ ಮರ್ಜ್ ಆದ ಮೇಲೆ. ಪುಲ್ ರಿಕ್ವೆಸ್ಟ್‌ನಲ್ಲೇ (ಕೋಡ್ ಸೇರಿಸಿಕೊಳ್ಳಿ ಅಂತ ಕೇಳುವ ಹಂತದಲ್ಲೇ) ತಿಳಿಯಬೇಕಾದರೆ ದುಡ್ಡು ಕೊಡಬೇಕು. ಮುಂದಿನ ಬಜೆಟ್‌ನಲ್ಲಿ ನಾನು ಅದನ್ನೇ ಕೇಳುತ್ತಿದ್ದೇನೆ.